ಅಪ್ಪನ ದೋಣಿಗೆ ಇಂಜಿನ್ ಬಂದದ್ದು

ನನ್ನ ಗಂಟಲು ದೊಡ್ಡದು. ಮಾನ್ವಿಯ ನಮ್ಮ ಓಣಿಯಲ್ಲಿ ನಾನು ಮಕ್ಕಳನ್ನು ಊಟಕ್ಕೆ ಕರೆದರೆ ಪಕ್ಕದ ಓಣಿಯ ಮಕ್ಕಳೂ ಎದ್ದು ಮನೆಗೆ ಹೋಗುತ್ತಿದ್ದವು. ಅತ್ತೆ ಇದ್ದಷ್ಟು ಕಾಲವೂ, "ಸಣ್ಣಗ ಮಾತಾಡು ಬೇ, ನಾವೇನು ಹೊಳಿ ಆಚಿಗೆ ಕುಂತೀವೇನು?" ಎಂದು ಬೈದಳು. ಬೈಯಲಿ. ಹೊಳೆಯ ಆಚೆ ಕುಳಿತವರನ್ನು ಕರೆದು ಕರೆದೇ ಬಂದ ಗಂಟಲು ಇದು. ನಾನು ಹುಟ್ಟಿದ್ದು ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿಯ ಒಂದು ನಡುಗಡ್ಡೆಯ ಮೇಲೆ, ಅಂಬಿಗರ ಮನೆಯಲ್ಲಿ. ಸುತ್ತ ನೀರು, ನಡುವೆ ಊರು. ಉಪ್ಪು ಬೇಕೆಂದರೂ ಹೊಳೆ ದಾಟಬೇಕು.

ದಾಟಿಸುವವನು ನಮ್ಮ ಅಪ್ಪ. ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಗೋಲು ಅವನದು. ಅವನ ಅಪ್ಪನೂ ಅದನ್ನೇ ನಡೆಸಿದ್ದ. ಊರವರು ದಾಟಿದಾಗೆಲ್ಲ ಕೈಗೆ ಏನೂ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮನೆಮನೆಯಿಂದಲೂ ಜೋಳದ ಆಯ ಬರುತ್ತಿತ್ತು. ಆ ಜೋಳದಲ್ಲೇ ನಾವು ಬೆಳೆದದ್ದು.

ಅಂಬಿಗನಿಗೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಹೊತ್ತು ಮುಳುಗುವಾಗ, ಹರಗೋಲನ್ನು ಮೇಲೆಳೆದು ಕಟ್ಟುವ ಮೊದಲು, ಅವನು ನೀರಿಗೆ ಇಳಿದು ನಿಂತು ಆಚೆ ದಂಡೆಗೆ ಕೂಗಬೇಕು. "ಯಾರರ ಅದೀರೇನ್ರೋ... ಹರಗೋಲು ಕಟ್ಟಾಕತ್ತೀನೋ..." ಕೂಗಿದ ಮೇಲೆ ಸುಮ್ಮನೆ ನಿಂತು ಕಿವಿಗೊಡಬೇಕು. ಮತ್ತೆ ಕೂಗಬೇಕು, ಮತ್ತೆ ಕೇಳಬೇಕು. ಆಚೆಯಿಂದ ಒಂದು ದನಿ ಬಂದರೂ ಸರಿ, ಉಂಡ ಕೈ ಒಣಗದಿದ್ದರೂ, ಮೈಯಲ್ಲಿ ಜ್ವರ ಇದ್ದರೂ ಹೋಗಲೇಬೇಕು. ಕೂಗಿದವರನ್ನು ದಂಡೆಯಲ್ಲಿ ಬಿಟ್ಟು ಬಂದವನಿಗೆ ಮರುದಿನ ಹರಗೋಲು ಮುಟ್ಟುವ ಹಕ್ಕಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಮದುವೆಯಾಗಿ ಮಾನ್ವಿಗೆ ಹೋದ ಮೇಲೆ ಆ ಕಟ್ಟಳೆಯ ಬೆಲೆ ನನಗೆ ಗೊತ್ತಾಯಿತು. ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಬಸ್ಸು, ಅಲ್ಲಿಂದ ಯಾರದಾದರೂ ಚಕ್ಕಡಿ ಸಿಕ್ಕರೆ ಚಕ್ಕಡಿ, ಇಲ್ಲದಿದ್ದರೆ ಕಾಲೇ ಗತಿ. ದಂಡೆಗೆ ಬಂದು ನಿಂತು "ಯಪ್ಪೋ..." ಎಂದು ಒಮ್ಮೆ ಕೂಗಿದರೆ ಸಾಕು, ಆಚೆಯಿಂದ "ಬಂದೆ ಯವ್ವೋ..." ಎನ್ನುವ ದನಿ ನೀರಿನ ಮೇಲೆ ತೇಲಿ ಬರುತ್ತಿತ್ತು. ಹರಗೋಲು ಹತ್ತುವುದು, ಮನೆ ಸೇರುವುದು, ಅವ್ವನ ಕೈಯ ರೊಟ್ಟಿ, ಎಲ್ಲ ಆಮೇಲೆ. ನನಗೆ ಆ ದನಿ ಬಂದ ಕ್ಷಣಕ್ಕೇ ತವರು ಮುಟ್ಟಿದಂತೆ ಆಗುತ್ತಿತ್ತು. ಗಂಡನ ಮನೆಯಲ್ಲಿ ಏನೇ ಆಗಿರಲಿ, ಎದೆ ಅಲ್ಲಿಯೇ ಹಗುರಾಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಅಪ್ಪನ ಬಲಭುಜ ಹೋಯಿತು. ಮಳೆಗಾಲದ ಸೆಳವಿನಲ್ಲಿ ಹುಟ್ಟು ಹಾಕುವಾಗ ಒಳಗೆ ಏನೋ ಕಳಚಿದಂತಾಯಿತಂತೆ. ಎಣ್ಣೆ ತಿಕ್ಕಿದರು, ಪಟ್ಟು ಹಾಕಿದರು, ರಾಯಚೂರಿನ ದೊಡ್ಡ ದವಾಖಾನೆಗೂ ತೋರಿಸಿದರು. ಕೈ ತಲೆಯ ಮೇಲೆ ಏಳಲೇ ಇಲ್ಲ. ಅಂಬಿಗನ ಕೈ ನಿಂತರೆ ಹರಗೋಲು ದಾಯಾದಿಗಳ ಪಾಲು. ದೊಡ್ಡಪ್ಪನ ಮಕ್ಕಳು ಬಾಯಿಬಿಟ್ಟು ಕೇಳಲಿಲ್ಲ ನಿಜ, ಆದರೆ ಬಂದು ಬಂದು ಹರಗೋಲಿನ ಚರ್ಮ ಮುಟ್ಟಿ ನೋಡಿ ಹೋಗುತ್ತಿದ್ದರು. ಅಪ್ಪ ಎಲ್ಲವನ್ನೂ ನೋಡುತ್ತಾ ಎಡಗೈಯಿಂದ ಬಲಭುಜ ಹಿಡಿದುಕೊಂಡು ಕೂತಿರುತ್ತಿದ್ದ. ಅವನಿಗೆ ಹೊಳೆ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಹೊಳೆ ಬಿಡಿಸಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವ್ವ ನನ್ನ ಮುಂದೆ ಅತ್ತಳು.

ಆಗ ಎದ್ದು ನಿಂತವನು ನನ್ನ ತಮ್ಮ. ಅವನು ರಾಯಚೂರಿನಲ್ಲಿ ಪಂಪಿನ ಇಂಜಿನ್ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಟಮಾರಿ, ಯಾಪಲದಿನ್ನಿ ಕಡೆಯ ರೈತರು ಗಾಡಿಯಲ್ಲಿ ಹೇರಿಕೊಂಡು ಬರುವ ಇಂಜಿನ್ನುಗಳನ್ನು ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಅವನ ದಿನದ ಕೆಲಸ. ಮೈಯೆಲ್ಲ ಗ್ರೀಸು, ಬಾಯಲ್ಲಿ ಸದಾ ಶೀಟಿ. "ಯಪ್ಪಾ, ನೀರು ಎತ್ತೋ ಇಂಜಿನ್ನು ನೀರ ಮ್ಯಾಲೆ ಯಾಕ ಓಡಬಾರದು?" ಎಂದು ಕೇಳಿದ. ಅಪ್ಪ ನಕ್ಕ. ತಮ್ಮ ನಗಲಿಲ್ಲ. ಮುಂದಿನ ಸಲ ಬರುವಾಗ ಚಿಮಣಿ ಎಣ್ಣೆಯಿಂದ ಓಡುವ ಒಂದು ಸಣ್ಣ ಹಳೆಯ ಇಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ.

ಮೊದಲ ದಿನದ ಕಥೆ ನೆನೆದರೆ ಈಗಲೂ ನಗು ಬರುತ್ತದೆ. ಹರಗೋಲಿನ ಅಂಚಿಗೆ ಹಲಗೆ ಕಟ್ಟಿ, ಅದರ ಮೇಲೆ ಇಂಜಿನ್ ಕೂಡಿಸಿ, ಉದ್ದನೆಯ ಕಬ್ಬಿಣದ ಸಲಾಕೆಯ ತುದಿಗೆ ತಗಡಿನ ರೆಕ್ಕೆ ಬಡಿದು ನೀರಿಗೆ ಇಳಿಬಿಟ್ಟ. ಊರೆಲ್ಲ ದಂಡೆಗೆ ಬಂದಿತ್ತು. ಹಗ್ಗ ಸುತ್ತಿ ಜಗ್ಗಿದ, ಇಂಜಿನ್ ಹೊತ್ತಿತು. ಹರಗೋಲು ಮುಂದೆ ಹೋಗಲಿಲ್ಲ. ನಿಂತಲ್ಲೇ ತಿರುಗತೊಡಗಿತು. ದುಂಡಗಿನ ಹರಗೋಲಿಗೆ ಹಿಂದು ಯಾವುದು, ಮುಂದು ಯಾವುದು? ತಮ್ಮ ಒಳಗೆ ಕೂತು ಬೀಸುಕಲ್ಲಿನ ಕಾಳಿನ ಹಾಗೆ ಗರಗರ ತಿರುಗುತ್ತಾ, "ಬಂದ್ ಮಾಡ್ರೋ, ಯಾರರ ಬಂದ್ ಮಾಡ್ರೋ" ಎಂದು ಅರಚುತ್ತಿದ್ದ. ಒಳಗೆ ಅವನೊಬ್ಬನೇ ಇದ್ದ, ಬಂದ್ ಮಾಡುವವನೂ ಅವನೇ! ಇಳಿದ ಮೇಲೆ ದಂಡೆಯಲ್ಲಿ ವಾಂತಿ ಮಾಡಿಕೊಂಡ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ಮಾತ್ರ ನಗದೆ, "ಇದಕ್ಕ ಉದ್ದಂದು ಬೇಕೋ ತಮ್ಮಾ, ದುಂಡಂದಲ್ಲ" ಎಂದ. ಅವನ ಕಣ್ಣಿಗೆ ಜೀವ ಬಂದದ್ದನ್ನು ನಾನು ಆಗಲೇ ನೋಡಿದೆ.

ಉದ್ದನೆಯ ದೋಣಿ ಸಿಕ್ಕಿದ್ದು ನಮ್ಮ ಮಾನ್ವಿಯ ಕಡೆ, ತುಂಗಭದ್ರೆಯ ದಂಡೆಯ ಮೀನುಗಾರರೊಬ್ಬರ ಹತ್ತಿರ. ನನ್ನ ಗಂಡನೇ ಮಾತಾಡಿ ಕೊಡಿಸಿದ. ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿ ಹಿರೇಕೊಟ್ನೆಕಲ್ ದಾಟಿಸಿ ತರುವಾಗ ಹೊಲದಲ್ಲಿದ್ದವರೆಲ್ಲ ಕುಡುಗೋಲು ಬಿಟ್ಟು ರಸ್ತೆಗೆ ಬಂದು, "ಎಲ್ಲಿಗಿ ಹೊಂಟದಪ್ಪೋ ಹಡಗು?" ಎಂದು ಕೇಳಿದರಂತೆ. ಒಂದು ಹೊಳೆಯ ದೋಣಿ ಇನ್ನೊಂದು ಹೊಳೆಗೆ ಸೊಸೆಯಾಗಿ ಹೊರಟಿದೆ ಎಂದು ನನ್ನ ಗಂಡ ತಮಾಷೆ ಮಾಡಿದ. ನಡುಗಡ್ಡೆಯಲ್ಲಿ ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಬೆಳಗಿದಳು.

ಅಲ್ಲಿಂದ ಮುಂದೆ ತಮ್ಮನಿಗೆ ಹಿಡಿದದ್ದು ಹುಚ್ಚು ಎನ್ನಬೇಕು. ಮೊದಲು ಹಾಕಿದ ತಗಡಿನ ರೆಕ್ಕೆ ಸೆಳವಿಗೆ ಬಾಗಿಹೋಯಿತು. ಹಳೆಯ ಜೀಪಿನ ಫ್ಯಾನು ಕತ್ತರಿಸಿ ಹಾಕಿದ. ಅದು ಕಲ್ಲಿಗೆ ತಾಗಿ ಮುರಿಯಿತು. ಕೊನೆಗೆ ರಾಯಚೂರಿನಲ್ಲಿ ಹಿತ್ತಾಳೆ ಎರಕ ಹೊಯ್ಯುವವರ ಹತ್ತಿರ ಕೂತು, ಮೇಣದಲ್ಲಿ ತಾನೇ ಅಚ್ಚು ತಿದ್ದಿ ಒಂದು ರೆಕ್ಕೆ ಮಾಡಿಸಿದ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ಬಡಿಯಬಾರದೆಂದು ಸಲಾಕೆಯನ್ನು ಮೇಲೆತ್ತಲು ಒಂದು ಹಿಡಿಕೆ ಬಂತು. ದೋಣಿಯ ತಳವನ್ನು ಕೆರೆದು, ಡಾಂಬರು ಬಳಿದು, ಮೇಲೆ ತೆಳುವಾದ ತಗಡು ಹೊಡೆದು ನುಣುಪು ಮಾಡಿದ. ಭಾರ ಕಡಿಮೆ ಆಗಲಿ ಎಂದು ಕೂರುವ ಹಲಗೆಗಳನ್ನೂ ಕಿತ್ತು ಹಾಕಿದ. ಊರ ಹೆಂಗಸರು ನೆಲದ ಮೇಲೆ ಕೂತು ಬೈದರು. ಪ್ರತಿ ಸಲ ಬಂದಾಗಲೂ ಏನೋ ಒಂದು ಹೊಸದು. ದೋಣಿ ಪ್ರತಿ ಸಲವೂ ಮೊದಲಿಗಿಂತ ಜೋರಾಗಿ ಓಡುತ್ತಿತ್ತು.

ಊರಿಗೆ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ದೇವದುರ್ಗದ ಸಂತೆಗೆ ಹೋದವರು ಬೆಳಕಿರುವಾಗಲೇ ಮನೆ ಸೇರಿದರು. ಹಾವು ಕಡಿದ ಒಬ್ಬನನ್ನು ಹೊತ್ತಿಗೆ ಸರಿಯಾಗಿ ದಾಟಿಸಿ ಉಳಿಸಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ಹೊಳೆಯಲ್ಲಿ ಉಳಿದ. ಬಲಗೈ ಮೇಲೆತ್ತಬೇಕಾಗಿರಲಿಲ್ಲ. ಇಂಜಿನ್ನಿನ ಪಕ್ಕ ನಿಂತು ಎಡಗೈಯಲ್ಲಿ ಹಿಡಿಕೆ ಹಿಡಿದರೆ ಸಾಕು. ದೊಡ್ಡಪ್ಪನ ಮಕ್ಕಳು ಹರಗೋಲಿನ ಚರ್ಮ ಮುಟ್ಟಿ ನೋಡುವುದನ್ನು ಬಿಟ್ಟರು.

ಇಷ್ಟಕ್ಕೇ ನಿಲ್ಲಿಸಿದ್ದರೆ! ಆದರೆ ತಮ್ಮನಿಗೆ ಸಮಾಧಾನ ಎಲ್ಲಿ? ಮಳೆಗಾಲದ ಸೆಳವಿಗೆ ಎದುರಾಗಿ ಹೋಗುವಾಗ ಇಂಜಿನ್ ಏದುಸಿರು ಬಿಡುತ್ತದೆ ಎಂದು ಅವನಿಗೆ ಕೊರಗು. ರಾಯಚೂರಿನಲ್ಲಿ ಆಗ ಮೋಟರ್ ಸೈಕಲ್ ಹುಡುಗರೆಲ್ಲ ಸೈಲೆನ್ಸರ್ ಕಿತ್ತು ಓಡಾಡುತ್ತಿದ್ದರು. ಹೊಗೆಗೆ ಅಡ್ಡಿ ಇಲ್ಲದಿದ್ದರೆ ಇಂಜಿನ್ನಿಗೆ ತಾಕತ್ತು ಬರುತ್ತದೆ ಎಂದು ಅವರ ಲೆಕ್ಕ. ತಮ್ಮನೂ ಸೈಲೆನ್ಸರ್ ಬಿಚ್ಚಿ, ಬರೀ ಒಂದು ಗೇಣು ಪೈಪು ಬಿಟ್ಟ. "ಈಗ ನೋಡು ಯಪ್ಪಾ, ಹ್ಯಾಂಗ ಹಾರ್ತದ" ಎಂದ. ಹಾರಿತು, ಇಲ್ಲ ಅನ್ನುವುದಿಲ್ಲ. ಅದರ ಸಪ್ಪಳ ಎಂಥದೆಂದರೆ ನಡುಗಡ್ಡೆಯ ಕೊಕ್ಕರೆಗಳು ಎದ್ದು ಹೋದವು. ಮನೆಯೊಳಗೆ ಗೂಡಿನಲ್ಲಿಟ್ಟ ತಾಟುಗಳು ನಡುಗುತ್ತಿದ್ದವು.

ತಮ್ಮನ ಅಂಗಡಿಯ ಉಸ್ತಾದ್ ಒಮ್ಮೆ ದೋಣಿ ನೋಡಲು ರಾಯಚೂರಿನಿಂದ ಬಂದಿದ್ದ. ವಯಸ್ಸಾದ ಸಾಬರು. ಕಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರಿನ ಹತ್ತಿ ಇರುತ್ತಿತ್ತು. ದೋಣಿ ಏರಿದವನು ಇಂಜಿನ್ ಹೊತ್ತಿದ್ದೇ ತಡ, ಆ ಹತ್ತಿಯನ್ನು ತೆಗೆದು ಕಿವಿಯ ಒಳಗೇ ತುರುಕಿಕೊಂಡ. ದಾಟಿದ ಮೇಲೆ ಅಪ್ಪನಿಗೆ, "ಅಂಬಿಗಪ್ಪಾ, ನೀವೂ ಹತ್ತಿ ಇಟ್ಕೋರಿ. ದಿನಾ ಇದರ ಬಾಜೂನೇ ನಿಂದರ್ತೀರಿ, ಕಿವಿ ಖರಾಬ್ ಆಗ್ತದ" ಎಂದ.

ಅಪ್ಪ ದೊಡ್ಡದಾಗಿ ನಕ್ಕುಬಿಟ್ಟ. "ಏನ್ ಮಾತ್ರೀ ಸಾಬ್ರ? ಅಂಬಿಗ ಕಿವಿ ಮುಚ್ಕೊಂಡ್ರ ಕೂಗು ಯಾರು ಕೇಳ್ಬೇಕು? ದಂಡ್ಯಾಗ ನಿಂತಾವ್ರು ಹೊಯ್ಕೊಂಡು ಸಾಯಬೇಕೇನು?"

ಉಸ್ತಾದ್ ಮತ್ತೊಮ್ಮೆ ಅದನ್ನೇ ಹೇಳಿದ, ಅಪ್ಪ ಕೇಳಲಿಲ್ಲ. ನಾನೂ ಅಲ್ಲಿಯೇ ಕೂತಿದ್ದೆ. ಅಪ್ಪನ ಮಾತು ನನಗೂ ಸರಿ ಎನಿಸಿತು. ಕಿವಿ ಮುಚ್ಚಿಕೊಂಡ ಅಂಬಿಗನನ್ನು ನಮ್ಮ ಪೈಕಿ ಯಾರೂ ಕಂಡಿರಲಿಲ್ಲ. ಅವ್ವ ಉಸ್ತಾದನಿಗೆ ಮಜ್ಜಿಗೆ ಕೊಟ್ಟಳು, ಅವನು ಕುಡಿದು ರಾಯಚೂರಿನ ಹಾದಿ ಹಿಡಿದ.

ಇದಾಗಿ ಕೆಲವು ವರ್ಷ ನಾನು ಮಾನ್ವಿಯಲ್ಲಿ ಬಸಿರು, ಬಾಣಂತನ, ಮಕ್ಕಳ ಆರೈಕೆಯಲ್ಲಿ ಮುಳುಗಿಹೋದೆ. ತವರಿಗೆ ಬಂದಾಗೆಲ್ಲ ತಮ್ಮನೋ ಗಂಡನೋ ಜೊತೆಗಿರುತ್ತಿದ್ದರು, ಹಗಲಿನಲ್ಲೇ ಬರುತ್ತಿದ್ದೆವು, ದೋಣಿ ಈಚೆ ದಂಡೆಯಲ್ಲೇ ಇರುತ್ತಿತ್ತು. ಕೂಗುವ ಪ್ರಸಂಗವೇ ಬರಲಿಲ್ಲ. ಅಪ್ಪ ಮಾತಿಗೆ ಸರಿಯಾಗಿ ಉತ್ತರ ಕೊಡುವುದಿಲ್ಲ ಎಂದು ಒಮ್ಮೆ ಅವ್ವನ ಹತ್ತಿರ ದೂರಿದ್ದುಂಟು. "ವಯಸ್ಸಾತು, ತನ್ನ ಗುಂಗಿನ್ಯಾಗ ಇರ್ತಾನ" ಎಂದು ಅವಳು ಮಾತು ಹಾರಿಸಿದಳು. ನಾನೂ ಅಷ್ಟಕ್ಕೇ ಬಿಟ್ಟೆ.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಸಲ ಚಿಕ್ಕ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಒಬ್ಬಳೇ ಹೊರಟೆ. ಮನೆಯಲ್ಲಿ ಅತ್ತೆಯ ಜೊತೆ ದೊಡ್ಡ ಮಾತಾಗಿತ್ತು. ಯಾರದು ತಪ್ಪು ಎಂದು ಈಗ ಕೇಳಬೇಡಿ, ಅವಳು ತೀರಿಕೊಂಡಿದ್ದಾಳೆ. ನನಗಂತೂ ಮೂಗಿನ ತುದಿಯಲ್ಲೇ ಸಿಟ್ಟು. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ದಂಡೆ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿ ಕೆಂಪು ಮಾತ್ರ ಉಳಿದಿತ್ತು. ಆಚೆ ಅಪ್ಪ ನೀರಿನಲ್ಲಿ ನಿಂತದ್ದು ಆ ಕೆಂಪಿನಲ್ಲಿ ಕಂಡಿತು. ಬಿಳಿಯ ರುಮಾಲು, ಇಳಿಬಿದ್ದ ಬಲಭುಜ. ನನ್ನ ಅದೃಷ್ಟ, ಅವನು ಇನ್ನೂ ದೋಣಿ ಕಟ್ಟಿರಲಿಲ್ಲ.

"ಯಾರರ ಅದೀರೇನ್ರೋ..." ಎಂದು ಅವನು ಕೂಗಿದ.

"ನಾನು ಯಪ್ಪೋ... ಬಾರಪ್ಪೋ..." ಎಂದೆ.

ಅವನು ಕಿವಿಗೆ ಕೈ ಆನಿಸಿ ನಿಂತ. ಮತ್ತೆ ಕೂಗಿದ. ನಾನು ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ. ಮಗು ಹೆದರಿ ಅಳತೊಡಗಿತು. ಅವನು ಮತ್ತೆ ಕೈ ಆನಿಸಿ, ಎಷ್ಟೋ ಹೊತ್ತು ಕೇಳಿಸಿಕೊಂಡು ನಿಂತ. ಆಮೇಲೆ ಬಗ್ಗಿ ದೋಣಿಯ ಹಗ್ಗವನ್ನು ಗೂಟಕ್ಕೆ ಕಟ್ಟಿದ. ರುಮಾಲು ಬಿಚ್ಚಿ ಕೊಡವಿ, ಹೆಗಲಿಗೆ ಹಾಕಿಕೊಂಡು, ಬೆನ್ನು ತಿರುಗಿಸಿ ಮನೆಯ ಕಡೆಗೆ ಹೋಗಿಬಿಟ್ಟ. ನಾನು ಅವನ ಹೆಸರು ಹಿಡಿದು ಕೂಗಿದೆ, ಬೈದು ಕೂಗಿದೆ, ಅತ್ತು ಕೂಗಿದೆ. ಗಂಟಲಿನಿಂದ ದನಿಯೇ ಹೊರಡದಂತಾಯಿತು.

ಮೊದಲು ಬಂದದ್ದು ಸಿಟ್ಟು. ಗಂಡನ ಮನೆ ಬಿಟ್ಟು ಬಂದದ್ದು ಹೇಗೋ ತಿಳಿದು, ಬೇಕೆಂದೇ ಹೀಗೆ ಮಾಡಿದ ಎಂದುಕೊಂಡೆ. ದಂಡೆಯ ಮೇಲಿನ ಹೊಲದಲ್ಲಿ ಕುರುಬರ ಒಂದು ಸಂಸಾರ ಕುರಿ ತರುಬಿಕೊಂಡು ಬೀಡುಬಿಟ್ಟಿತ್ತು. ನನ್ನ ಕೂಗು ಕೇಳಿ ಆ ಮನೆಯ ಹೆಂಗಸು ಬಂದು ಕೈ ಹಿಡಿದಳು. ಮಗುವಿಗೆ ಕುರಿಯ ಹಾಲು ಕಾಸಿ ಕೊಟ್ಟಳು, ನನಗೆ ಕಂಬಳಿ ಕೊಟ್ಟಳು. ನಾನು ಅಪ್ಪನನ್ನು ಬೈಯುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಸುಮ್ಕಿರು ಯವ್ವಾ, ಬೈಬ್ಯಾಡ" ಎಂದಳು ಆಮೇಲೆ. "ಅಂಬಿಗಪ್ಪಗ ಕೂಗು ಮುಟ್ಟಂಗಿಲ್ಲ ಈಗ. ವರ್ಸಾತು. ಎಲ್ಲಾರಿಗೂ ಗೊತ್ತದ, ಆತಗೊಬ್ಬಗ ಬಿಟ್ಟು."

"ಮತ್ತ ದಿನಾ ದಾಟ್ಸಾಕತ್ತಾನಲ್ಲ?"

"ನಾವು ಕಂಬಳಿ ಬೀಸತೀವಿ. ಊರಾವ್ರು ವಸ್ತ್ರ ಬೀಸತಾರ. ಆತ ನೋಡಿ ಬರ್ತಾನ. ಕೂಗು ಕೇಳಿ ಬಂದೀನಿ ಅಂತಾನ, ನಾವೂ ಹೂಂ ಅಂತೀವಿ. ನೀ ಹೊತ್ತು ಮುಳುಗಿದ ಮ್ಯಾಲೆ ಬಂದಿ, ಈ ದಂಡ್ಯಾಗ ಗಿಡದ ಕತ್ತಲ, ಬೀಸಿದ್ರೂ ಆತಗ ಕಾಣ್ತಿದ್ದಿಲ್ಲ ಬಿಡು."

ಉಸ್ತಾದನ ಅತ್ತರಿನ ಹತ್ತಿ ನೆನಪಾಯಿತು. ಕೂಗು ತಪ್ಪಬಾರದೆಂದೇ ಅಪ್ಪ ಕಿವಿ ಮುಚ್ಚಿಕೊಂಡಿರಲಿಲ್ಲ. ಬರೀ ಕಿವಿಯನ್ನು ಆ ಪೈಪಿನ ಪಕ್ಕ ಹಿಡಿದು, ವರ್ಷಗಟ್ಟಲೆ, ದಂಡೆಯ ಕಡೆಗೇ ಲಕ್ಷ್ಯ ಇಟ್ಟು ನಿಂತಿದ್ದ. ಕೂಗನ್ನು ಕಾಯಲು ಹೋಗಿಯೇ ಕೂಗನ್ನು ಕಳೆದುಕೊಂಡ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬೆಳಿಗ್ಗೆ ಅವನು ಬಂದರೆ ಏನು ಹೇಳುವುದು ಎನ್ನುವುದೊಂದೇ ಯೋಚನೆ. ಇಡೀ ಊರು ಮುಚ್ಚಿಟ್ಟ ಮಾತು ಇದು. ಕೂಗಿದೆ ಎಂದು ನಾನು ಹೇಳಿದರೆ ಅವನು ಆ ದಿನವೇ ಹೊಳೆ ಬಿಡುತ್ತಾನೆ. ಹೊಳೆ ಬಿಟ್ಟರೆ ಅವನು ಬದುಕುವುದಿಲ್ಲ. ಈಗಷ್ಟೇ ಬಂದೆ ಎಂದು ಹೇಳುವುದೆಂದು ಗಟ್ಟಿ ಮಾಡಿಕೊಂಡೆ. ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದನ್ನು ನುಂಗಿದವಳಲ್ಲ ನಾನು.

ಬೆಳಕು ಹರಿದ ಮೇಲೆ ದೋಣಿ ಬಂತು. ಆ ಹಾಳು ಸಪ್ಪಳ ಮೊದಲು, ದೋಣಿ ಆಮೇಲೆ. ಕುರುಬರ ಹೆಂಗಸು ಎದ್ದು ಕಂಬಳಿ ಬೀಸಿದ್ದಳು. ಅಪ್ಪ ಇಳಿದು ನನ್ನನ್ನು ನೋಡಿ ಮುಖ ಅರಳಿಸಿದ. "ಯಾವಾಗ ಬಂದಿ ಯವ್ವಾ?"

"ಈಗ ಬಂದೆ ಯಪ್ಪಾ, ಈಗ" ಎಂದು ನೆಲಕ್ಕೆ ಕೈ ತೋರಿಸಿ ಹೇಳಿದೆ. ದನಿ ಹೊರಡಲಿಲ್ಲ, ಬರೀ ಗಾಳಿ ಹೊರಟಿತು. ಅವನಿಗೆ ಅದು ಗೊತ್ತಾಗುವಂತಿರಲಿಲ್ಲ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ಅವನ ಕಣ್ಣು ನನ್ನ ಹೆಗಲ ಮೇಲಿನ ಕಂಬಳಿಗೆ ಹೋಯಿತು, ಮಂಜಿನಲ್ಲಿ ನೆನೆದ ಮಗುವಿನ ಕುಲಾವಿಗೆ ಹೋಯಿತು, ಕಲ್ಲಿನ ಒಲೆಯ ತಣ್ಣಗಾದ ಬೂದಿಗೆ ಹೋಯಿತು. ಕುರುಬರ ಹೆಂಗಸನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು.

"ರಾತ್ರಿ ಇಲ್ಲೇ ಇದ್ದಿ" ಎಂದ.

ನಾನು ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಕೂಗಿದ್ದಿ."

"ಇಲ್ಲಪ್ಪಾ, ಕೂಗಿಲ್ಲ."

ಅಪ್ಪ ಒಂದು ಹೆಜ್ಜೆ ಮುಂದೆ ಬಂದು ನನ್ನ ಗದ್ದ ಹಿಡಿದ. "ನೀ ಕೂಗಲಾರದಾಕಿ ಅಲ್ಲ ಯವ್ವಾ. ಕೂಗಿರ್ತಿ" ಎಂದ.

ನಾನು ಅತ್ತುಬಿಟ್ಟೆ. ಅವನು ಅಳಲಿಲ್ಲ. ನಮ್ಮನ್ನು ದೋಣಿಗೆ ಹತ್ತಿಸಿಕೊಂಡ. ಇಂಜಿನ್ನಿನ ಹಗ್ಗ ಮುಟ್ಟಲಿಲ್ಲ. ಕೆಳಗೆ ಬಿದ್ದಿದ್ದ ಹಳೆಯ ಹುಟ್ಟು ತೆಗೆದುಕೊಂಡು, ಆ ಸತ್ತ ಭುಜದಲ್ಲೇ, ಹಲ್ಲು ಕಚ್ಚಿಕೊಂಡು ಆಚೆ ದಂಡೆಯವರೆಗೂ ಹಾಕಿದ. ಬೇಡ ಎಂದು ಕೈ ಹಿಡಿದರೆ ಕೊಡವಿದ. ಮನೆ ಮುಟ್ಟಿದವನು ಹುಟ್ಟನ್ನು ಜಂತಿಗೆ ಸಿಕ್ಕಿಸಿ, ಗೋಡೆಗೆ ಮುಖ ಮಾಡಿ ಮಲಗಿದ.

ಊರ ಹಿರಿಯರು ಬಂದರು. ಏನೇನೋ ಸನ್ನೆ ಮಾಡಿ, ಗಟ್ಟಿಯಾಗಿ ಹೇಳಿದರು. ಅವನದು ಒಂದೇ ಮಾತು: "ಮಗಳನ್ನ ದಂಡ್ಯಾಗ ಬಿಟ್ಟು ಬಂದು ಉಂಡು ಮಲಗೀನ್ರಪ್ಪಾ. ನಾ ಎಂಥಾ ಅಂಬಿಗ?" ದೊಡ್ಡಪ್ಪನ ಮಕ್ಕಳು ಕೂಡ ಅವನಿರುವಾಗ ದೋಣಿ ಮುಟ್ಟಲು ಒಪ್ಪಲಿಲ್ಲ. ಆ ದಿನಗಳಲ್ಲಿ ಊರವರೇ ಸರದಿಯಂತೆ ದೋಣಿ ನಡೆಸಿದರು. ಅಪ್ಪ ಅನ್ನ ಮುಟ್ಟುವುದು ಕಡಿಮೆಯಾಯಿತು.

ಸುದ್ದಿ ಕಳಿಸಿದ್ದಕ್ಕೆ ತಮ್ಮ ಓಡಿಬಂದ. ಅವನನ್ನು ಅಂಗಳದಲ್ಲೇ ತರುಬಿದೆ. "ಸುಡುಗಾಡಿಗೆ ಹಾಕು ನಿನ್ನ ಇಂಜಿನ್ನ! ಓಡ್ತದ, ಹಾರ್ತದ ಅಂತ ಕುಣದ್ಯಲ್ಲ, ಅಪ್ಪನ ಕಿವಿ ತಿಂದು ಕುಂತದ ನೋಡು" ಎಂದು, ಆಡಬಾರದ್ದೆಲ್ಲ ಆಡಿದೆ. ಅವನು ಒಳಗೆ ಹೋಗಿ ಅಪ್ಪನ ಕಾಲ ಬಳಿ ಕೂತ. ಹೊರಗೆ ಬಂದಾಗ ಅವನ ಮುಖ ನೋಡಲಾಗಲಿಲ್ಲ. "ಯಕ್ಕಾ, ಸಪ್ಪಳ ನಿಂತ್ರ ಕಿವಿ ತಿರುಗಿ ಬರ್ತಾವಲ್ಲ?" ಎಂದು ಕೇಳಿದ. ನನಗೇನು ಗೊತ್ತು? ಬರಬಹುದು ಎಂದೆ.

ಅದನ್ನೇ ಹಿಡಿದುಕೊಂಡು ಅವನು ದುಡಿದದ್ದನ್ನು ನಾನು ನೋಡಿದ್ದೇನೆ. ವೇಗಕ್ಕಾಗಿ ಮಾಡಿದ್ದನ್ನೆಲ್ಲ ಈಗ ಸದ್ದಡಗಿಸುವುದಕ್ಕಾಗಿ ಬಿಚ್ಚಿದ. ಸೈಲೆನ್ಸರ್ ತಿರುಗಿ ಹಾಕಿದ. ಅದರ ಬಾಯಿಗೆ ಉದ್ದನೆಯ ಪೈಪು ಬೆಸೆದು, ಹೊಗೆ ನೀರಿನೊಳಗೇ ಹೋಗುವಂತೆ ಮುಳುಗಿಸಿದ. ಇಂಜಿನ್ ನಿಂತಾಗ ನೀರು ಒಳಗೆ ಸೇರಬಾರದೆಂದು ಪೈಪಿಗೆ ಮೇಲೊಂದು ಬಾಗು ಕೊಟ್ಟ. ಇಂಜಿನ್ನಿನ ಕೆಳಗೆ ಲಾರಿ ಟೈರಿನ ತುಂಡು ಹಾಸಿದ. ಸುತ್ತ ಮರದ ಪೆಟ್ಟಿಗೆ ಕೂಡಿಸಿ, ಅದರ ಒಳಗೋಡೆಗೆ ಹಳೆಯ ಕೌದಿ ಬಡಿದ. ಕೌದಿ ನಾನೇ ಹೊಲಿದುಕೊಟ್ಟೆ. ಸೂಜಿ ಹಿಡಿದ ಕೈ ಬೈದ ಬಾಯಿಗಿಂತ ಮೇಲು ಎನಿಸಿತು ಆಗ. ಕಿತ್ತುಹಾಕಿದ್ದ ಕೂರುವ ಹಲಗೆಗಳನ್ನೂ ತಿರುಗಿ ಕೂಡಿಸಿದ.

ಕೊನೆಗೆ ಹಗ್ಗ ಜಗ್ಗಿದ ದಿನ ನಾನೂ ದೋಣಿ ಹತ್ತಿದೆ. ಇಂಜಿನ್ ಹೊತ್ತಿತು. ಗುಳುಗುಳು ಎಂದು ನೀರಿನಲ್ಲಿ ಗುಳ್ಳೆ ಏಳುವ ದನಿ ಮಾತ್ರ. ಹಕ್ಕಿ ಕೂಗಿದ್ದು ಕೇಳಿಸಿತು. ದೋಣಿ ಮೊದಲಿನ ಅರ್ಧ ವೇಗದಲ್ಲಿ ಹೊರಟಿತು. ತಮ್ಮ ಅಪ್ಪನನ್ನು ಹೇಗೋ ಹೊರಡಿಸಿಕೊಂಡು ಬಂದು ಕೂಡಿಸಿದ್ದ. ಹೊಳೆಯ ನಡುವೆ ಹೋದ ಮೇಲೆ ಅಪ್ಪನ ಮುಂದೆ ಮೊಳಕಾಲೂರಿ, ಬಾಯಿ ದೊಡ್ಡದು ಮಾಡಿ, "ಈಗ ಹ್ಯಾಂಗದ ಯಪ್ಪಾ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಅಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಇಂಜಿನ್ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯಲು ಅವನು ಹಾಗೆ ಮಾಡಿದ, ಅದು ನನಗೆ ಕಂಡಿತು. ಕೈಗೆ ನಡುಕ ಸಿಕ್ಕಿತು. ಮಗನ ಮುಖ ನೋಡಿದ. ತಲೆಯನ್ನು ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುವವನಂತೆ ಮಾಡಿದ.

"ಛಲೋ ಮಾಡಿದಿ ತಮ್ಮಾ. ಈಗ ನೀರಿನ ಸಪ್ಪಳ ಕೇಳಸ್ತದ ನೋಡು" ಎಂದ.

ತಮ್ಮ ಅಪ್ಪನ ಮೊಳಕಾಲಿನ ಮೇಲೆ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಅಪ್ಪ ಅವನ ತಲೆ ಸವರುತ್ತಾ, ಅವನ ತಲೆಯ ಮೇಲಿನಿಂದ ನನ್ನನ್ನು ನೋಡಿದ. ನನ್ನ ಬಾಯಿ ಎಂಥದೆಂದು ಅವನಿಗೆ ಗೊತ್ತಲ್ಲ. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೇರೆ ಕಡೆ ತಿರುಗಿದೆ. ತಮ್ಮ ಆ ಮಾತನ್ನು ನಂಬಿದ. ಅಪ್ಪನ ಕಿವಿ ಸ್ವಲ್ಪ ತಿರುಗಿ ಬಂದಿದೆ ಎಂದು ರಾಯಚೂರಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಈಗಲೂ ನಂಬಿದ್ದಾನೆ, ನಂಬಲಿ.

ಮಗನಿಗೆ ಹಾಗೆ ಹೇಳಿದ ಮೇಲೆ ಅಪ್ಪನಿಗೆ ಮನೆಯಲ್ಲಿ ಕೂರಲು ನೆವ ಉಳಿಯಲಿಲ್ಲ. ದೋಣಿಗೆ ಇಳಿದ, ಆದರೆ ಒಬ್ಬನೇ ಅಲ್ಲ. ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಮುಂದಿನ ಹಲಗೆಯ ಮೇಲೆ ಕೂಡಿಸಿದ. ಹೊಳೆ ಕಂಡರೆ ಹೆದರುತ್ತಿದ್ದ ಹೆಂಗಸು, ದಿನವೂ ಕೈಯಲ್ಲಿ ಬತ್ತಿ ಹೊಸೆಯುತ್ತಾ ದೋಣಿಯಲ್ಲಿ ಕೂತಳು. ಊರವರು ಬಟ್ಟೆ ಬೀಸುವುದನ್ನು ಬಿಟ್ಟು ಮೊದಲಿನಂತೆ ಕೂಗತೊಡಗಿದರು.

ಅತ್ತೆಯ ಮೇಲಿನ ಸಿಟ್ಟು ತಣ್ಣಗಾಗಿ ನಾನು ಮಾನ್ವಿಗೆ ಹೊರಡುವ ಹಿಂದಿನ ದಿನ ಅವ್ವನಿಗೆ ಮೈ ಕಾದಿತ್ತು. ಸಂಜೆ ಅಪ್ಪ ಬಂದು ನನ್ನ ಭುಜ ಮುಟ್ಟಿ, ಬಾ ಎಂದು ಕೈ ಮಾಡಿದ. ನಾನು ಹೋಗಿ ಅವ್ವನ ಹಲಗೆಯ ಮೇಲೆ ಕೂತೆ. ಅಪ್ಪ ನೀರಿಗಿಳಿದು ಆಚೆ ದಂಡೆಗೆ ಮುಖ ಮಾಡಿ ನಿಂತ.

"ಯಾರರ ಅದೀರೇನ್ರೋ... ಕಟ್ಟಾಕತ್ತೀನೋ..."

ನಾನು ಚಿಕ್ಕವಳಿದ್ದಾಗ ಕೇಳಿದ ಅದೇ ದನಿ, ಅದೇ ಏರು, ಅದೇ ಇಳಿತ. ಅದು ಅವನಿಗೇ ಕೇಳಿಸುತ್ತಿರಲಿಲ್ಲ. ಕೂಗಿದ ಮೇಲೆ ಕಿವಿಗೆ ಕೈ ಆನಿಸಲಿಲ್ಲ. ಮೆಲ್ಲಗೆ ತಿರುಗಿ ನನ್ನ ಮುಖ ನೋಡುತ್ತಾ ನಿಂತ. ನಾನು ಕೇಳಿಸಿಕೊಂಡೆ. ನೀರಿನ ಮೇಲೆ ಗಾಳಿ, ಕುರಿಗಳ ಗಂಟೆ, ಬೇರೇನೂ ಇಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವನು ಮತ್ತೆ ಆಚೆ ತಿರುಗಿ ಕೂಗಿದ, ಮತ್ತೆ ನನ್ನ ಮುಖ ನೋಡಿದ. ಈ ಸಲ ದೂರದಿಂದ, ತೆಳ್ಳಗೆ, ಯಾರದೋ ಮನೆಯ ಹೆಣ್ಣುಮಗಳ ದನಿ ಬಂತು. "ಯಪ್ಪೋ... ನಿಂದ್ರೋ..."

ಹೂಂ ಎಂದು ಗೋಣು ಹಾಕಿದೆ. ಅಪ್ಪ ಆಚೆ ತಿರುಗಿ, "ಬಂದೆ ಯವ್ವೋ..." ಎಂದು ಕೂಗಿ, ಇಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ.